ಒಂದೇ ವೆಕ್ಟರ್, ಹಲವು ಬಗೆಯ ಬಸ್ಸು

ಬಸ್ ಡಿಪೋವೊಂದರ ದಿನದ ಖರ್ಚು ತೆಗೆಯುವ ಪ್ರೋಗ್ರಾಂ ಬರೆಯಬೇಕಿದೆ ಎಂದುಕೊಳ್ಳಿ. ಡಿಪೋದಲ್ಲಿ ಡೀಸೆಲ್ ಬಸ್ಸುಗಳಿವೆ, ವಿದ್ಯುತ್ ಬಸ್ಸುಗಳಿವೆ, ನಾಳೆ ಸಿಎನ್‌ಜಿ ಬಸ್ಸೂ ಬರಬಹುದು. ನೋಂದಣಿ ಸಂಖ್ಯೆ, ಈ ದಿನ ಓಡಿದ ಕಿಲೋಮೀಟರ್ ಇವೆರಡು ಎಲ್ಲ ಬಸ್ಸಿಗೂ ಸಮಾನ. ಖರ್ಚಿನ ಲೆಕ್ಕ ಮಾತ್ರ ಬೇರೆ ಬೇರೆ. ಡೀಸೆಲ್ ಬಸ್ಸಿಗೆ ಮೈಲೇಜು ಮತ್ತು ಲೀಟರಿನ ದರ ಬೇಕು. ವಿದ್ಯುತ್ ಬಸ್ಸಿಗೆ ಕಿಲೋಮೀಟರಿಗೆ ಎಷ್ಟು ಯೂನಿಟ್ ಹಿಡಿಯುತ್ತದೆ, ಯೂನಿಟ್‌ಗೆ ಎಷ್ಟು ದರ ಎಂಬುದು ಬೇಕು. ಸಂಜೆ ಡಿಪೋ ಮ್ಯಾನೇಜರ್ ಕೇಳುವುದು ಒಂದೇ ಪಟ್ಟಿ. ಯಾವ ಬಸ್ಸು, ಎಷ್ಟು ಖರ್ಚು, ಒಟ್ಟು ಎಷ್ಟು.

ಸಿ ಪ್ಲಸ್ ಪ್ಲಸ್ ಕಲಿತವರಿಗೆ ಇದರ ಅರ್ಧ ಉತ್ತರ ಗೊತ್ತಿರುತ್ತದೆ. ‘ಬಸ್ಸು’ ಎಂಬ ಬೇಸ್ ಕ್ಲಾಸ್, ಅದರಿಂದ ಹುಟ್ಟಿದ ‘ಡೀಸೆಲ್_ಬಸ್ಸು’ ಮತ್ತು ‘ವಿದ್ಯುತ್_ಬಸ್ಸು’ ಎಂಬ ಎರಡು ಡಿರೈವ್ಡ್ ಕ್ಲಾಸ್, ಬೇಸ್‌ನಲ್ಲಿ ‘ಖರ್ಚು’ ಎಂಬ ವರ್ಚುವಲ್ ಫಂಕ್ಷನ್. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಬರುತ್ತದೆ. ತೊಡಕು ಶುರುವಾಗುವುದು ಮುಂದಿನ ಸಾಲಿನಲ್ಲಿ: ಈ ಎಲ್ಲ ಬಸ್ಸುಗಳನ್ನು ಒಂದೇ ವೆಕ್ಟರ್‌ನಲ್ಲಿ ಇಡುವುದು ಹೇಗೆ? ಇಟ್ಟ ಮೇಲೆ ಅವನ್ನು ಅಳಿಸುವ ಹೊಣೆ ಯಾರದು? ಎರಡನೆಯ ಪ್ರಶ್ನೆಯನ್ನು ನಮ್ಮ ಪಠ್ಯಪುಸ್ತಕಗಳು ಹೆಚ್ಚಾಗಿ ಕೇಳುವುದೇ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ಕಾಡುವುದು ಮಾತ್ರ ಅದೇ.

ಮೊದಲಿಗೆ ಒಂದು ಮಾತು. ಕ್ಲಾಸ್‌ಗಳಿಗೆ ಕನ್ನಡದ ಹೆಸರು ಕೊಟ್ಟದ್ದು ಲೇಖನಕ್ಕಾಗಿ ಮಾಡಿದ ಅಲಂಕಾರವಲ್ಲ. 2020ರಲ್ಲಿ ಬಂದ ಜಿಸಿಸಿ 10ರಿಂದ ಈಚೆಗೆ ಇಂಥ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದರೂ ಕಂಪೈಲರ್ ಒಪ್ಪುತ್ತದೆ; ಕ್ಲಾಂಗ್ ಅದಕ್ಕೂ ಮುಂಚಿನಿಂದ ಒಪ್ಪುತ್ತಿತ್ತು. ಕ್ಲಾಸ್, ವರ್ಚುವಲ್ ಮುಂತಾದ ಭಾಷೆಯ ಕಾಯಂ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ಅವನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಹೆಸರಿನಲ್ಲಿ ಒತ್ತಕ್ಷರ ಬಿಡಿಸಲು ಬಳಸುವ ಅದೃಶ್ಯ ಅಕ್ಷರವನ್ನು ತರಬೇಡಿ. ಸಿ ಪ್ಲಸ್ ಪ್ಲಸ್‌ನ ಹೊಸ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ‘ಬಸ್ಸು’ ಎಂಬುದರಲ್ಲಿ ಆ ತಂಟೆ ಇಲ್ಲ.

ಬಾಲ ಕತ್ತರಿಸಿದ ಬಸ್ಸು

ಹೊಸಬರು ಮೊದಲು ಬರೆಯುವುದು ವೆಕ್ಟರ್<ಬಸ್ಸು> ಎಂದು. ಅದರೊಳಗೆ ಪುಷ್ ಬ್ಯಾಕ್ ಮಾಡಿ ಒಂದು ವಿದ್ಯುತ್ ಬಸ್ಸನ್ನು ಸೇರಿಸುತ್ತಾರೆ. ಕಂಪೈಲರ್ ತಕರಾರು ಮಾಡುವುದಿಲ್ಲ, ಪ್ರೋಗ್ರಾಂ ಓಡುತ್ತದೆ. ಆದರೆ ಪಟ್ಟಿಯಲ್ಲಿ ಎಲ್ಲ ಬಸ್ಸಿನ ಖರ್ಚೂ ಸೊನ್ನೆ ಎಂದು ಬರುತ್ತದೆ. ಬೇಸ್ ಕ್ಲಾಸ್‌ನ ‘ಖರ್ಚು’ ಫಂಕ್ಷನ್ ಸೊನ್ನೆ ಕೊಡುವಂತೆ ಬರೆದಿದ್ದರೆ ಆಗುವುದು ಅದೇ. ವರ್ಚುವಲ್ ಎಂದು ಬರೆದಿದ್ದೇನಲ್ಲ, ಆದರೂ ಹೀಗೇಕೆ ಎಂದು ತಲೆ ಕೆರೆದುಕೊಳ್ಳುವ ಘಟ್ಟ ಇದು.

ಕಾರಣ ತಿಳಿಯಬೇಕಾದರೆ ಬೈಟ್ ಲೆಕ್ಕಕ್ಕೆ ಇಳಿಯಬೇಕು. 64 ಬಿಟ್ ಲಿನಕ್ಸ್‌ನಲ್ಲಿ ಜಿಸಿಸಿ ಬಳಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ‘ಬಸ್ಸು’ ಆಬ್ಜೆಕ್ಟ್‌ನಲ್ಲಿ ನೋಂದಣಿ ಸಂಖ್ಯೆಯ ಸ್ಟ್ರಿಂಗ್‌ಗೆ 32 ಬೈಟ್, ಕಿಲೋಮೀಟರ್ ಇಡುವ ಡಬಲ್‌ಗೆ 8 ಬೈಟ್. ವರ್ಚುವಲ್ ಫಂಕ್ಷನ್ ಇರುವುದರಿಂದ ಕಂಪೈಲರ್ ತಾನಾಗಿ ಸೇರಿಸುವ ಗುಪ್ತ ಪಾಯಿಂಟರ್ ಒಂದಕ್ಕೆ ಇನ್ನೂ 8. ಒಟ್ಟು 48. ಡೀಸೆಲ್ ಬಸ್ಸಿಗೆ ಮೈಲೇಜು, ದರ ಸೇರಿ 64. ವಿದ್ಯುತ್ ಬಸ್ಸಿಗೆ ಎರಡು ಡಬಲ್ ಜೊತೆಗೆ ಚಾರ್ಜಿಂಗ್ ದಾಖಲೆಯ ಒಂದು ವೆಕ್ಟರ್ ಇಟ್ಟರೆ ಅದರ 24 ಬೈಟೂ ಸೇರಿ 88.

ವೆಕ್ಟರ್ ತನ್ನ ಅಂಶಗಳನ್ನು ಮೆಮೊರಿಯಲ್ಲಿ ಒತ್ತೊತ್ತಾಗಿ, ಒಂದೇ ಅಳತೆಯ ಜಾಗದಲ್ಲಿ ಇಡುತ್ತದೆ. ಹತ್ತನೆಯದು ಎಲ್ಲಿದೆ ಎಂಬುದನ್ನು ಗುಣಾಕಾರದಿಂದ ಕಂಡುಹಿಡಿಯುವುದು ಅದಕ್ಕೆ ಸಾಧ್ಯವಾಗುವುದೇ ಎಲ್ಲವೂ ಒಂದೇ ಗಾತ್ರದಲ್ಲಿರುವುದರಿಂದ. ವೆಕ್ಟರ್<ಬಸ್ಸು> ಎಂದಾಗ ಆ ಅಳತೆ 48 ಬೈಟ್. 88 ಬೈಟಿನ ವಿದ್ಯುತ್ ಬಸ್ಸು ಅಲ್ಲಿ ಹಿಡಿಸುವ ಮಾತೇ ಇಲ್ಲ. ಆಗ ನಡೆಯುವುದು ಇಷ್ಟು: ‘ಬಸ್ಸು’ ಕ್ಲಾಸ್‌ನ ಕಾಪಿ ಕನ್‌ಸ್ಟ್ರಕ್ಟರ್ ಓಡುತ್ತದೆ. ಅದಕ್ಕೆ ತಿಳಿದಿರುವುದು ಬೇಸ್‌ನ ಭಾಗ ಮಾತ್ರ, ಅದನ್ನಷ್ಟೇ ನಕಲು ಮಾಡುತ್ತದೆ. ಯೂನಿಟ್ ಲೆಕ್ಕ, ದರ, ಚಾರ್ಜಿಂಗ್ ದಾಖಲೆ ಎಲ್ಲವೂ ಹೊರಗೇ ಉಳಿಯುತ್ತವೆ. ಗುಪ್ತ ಪಾಯಿಂಟರ್ ಕೂಡ ಮೂಲದಿಂದ ನಕಲಾಗುವುದಿಲ್ಲ. ಹೊಸದಾಗಿ ಕಟ್ಟಿದ್ದು ‘ಬಸ್ಸು’ ಆದ್ದರಿಂದ ಅದು ‘ಬಸ್ಸು’ ಕ್ಲಾಸ್‌ನತ್ತಲೇ ಬೊಟ್ಟು ಮಾಡುತ್ತದೆ. ವೆಕ್ಟರ್‌ನೊಳಗೆ ಇರುವುದು ಬಾಲ ಕತ್ತರಿಸಿದ ವಿದ್ಯುತ್ ಬಸ್ಸಲ್ಲ, ಅಪ್ಪಟ ‘ಬಸ್ಸು’. ಹಾಗಾಗಿ ವರ್ಚುವಲ್ ಫಂಕ್ಷನ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ತಪ್ಪು ನಡೆದದ್ದು ಅದಕ್ಕಿಂತ ಮೊದಲು.

ಇದಕ್ಕೆ ಆಬ್ಜೆಕ್ಟ್ ಸ್ಲೈಸಿಂಗ್ ಎಂದು ಹೆಸರು. ಇದರ ಕೆಟ್ಟ ಗುಣ ಎಂದರೆ ಮೌನ. ಕಂಪೈಲರ್‌ನ ಸಾಮಾನ್ಯ ಎಚ್ಚರಿಕೆಗಳಲ್ಲಿ ಇದು ಕಾಣಿಸಿಕೊಳ್ಳುವುದಿಲ್ಲ. ಕ್ಲಾಂಗ್-ಟೈಡಿ ಎಂಬ ಪರೀಕ್ಷಕದಲ್ಲಿ ಇದಕ್ಕೆಂದೇ ಒಂದು ತಪಾಸಣೆ ಇದೆ, ಅದನ್ನು ಬೇಕೆಂದೇ ಚಾಲೂ ಮಾಡಬೇಕು. ಅದಕ್ಕಿಂತ ಸುಲಭದ ಉಪಾಯ ನಿಮ್ಮ ಕೈಯಲ್ಲೇ ಇದೆ. ಬೇಸ್‌ನ ‘ಖರ್ಚು’ ಫಂಕ್ಷನ್‌ಗೆ ಒಡಲು ಬರೆಯುವ ಬದಲು ‘ಸಮ ಸೊನ್ನೆ’ ಎಂದು ಬರೆದು ಅದನ್ನು ಪ್ಯೂರ್ ವರ್ಚುವಲ್ ಮಾಡಿ. ಆಗ ‘ಬಸ್ಸು’ ಅಬ್‌ಸ್ಟ್ರಾಕ್ಟ್ ಕ್ಲಾಸ್ ಆಗುತ್ತದೆ, ಅದರ ಆಬ್ಜೆಕ್ಟ್ ಯಾರೂ ಸೃಷ್ಟಿಸುವಂತಿಲ್ಲ, ವೆಕ್ಟರ್<ಬಸ್ಸು> ಒಳಗೆ ಏನನ್ನಾದರೂ ತಳ್ಳಲು ಹೋದರೆ ಕಂಪೈಲರ್ ಅಲ್ಲಿಯೇ ತಡೆಯುತ್ತದೆ. ಯೋಚಿಸಿದರೆ ಇದು ನ್ಯಾಯವೂ ಹೌದು: ಡೀಸೆಲ್ಲೂ ಅಲ್ಲದ, ವಿದ್ಯುತ್ತೂ ಅಲ್ಲದ, ಬರೀ ‘ಬಸ್ಸು’ ಯಾವ ಡಿಪೋದಲ್ಲೂ ನಿಂತಿಲ್ಲ.

ಜಾವಾ ಅಥವಾ ಪೈಥಾನ್‌ನಿಂದ ಬಂದವರಿಗೆ ಈ ಸಮಸ್ಯೆಯೇ ವಿಚಿತ್ರ ಎನಿಸಬಹುದು. ಅಲ್ಲಿ ಪಟ್ಟಿಯೊಳಗೆ ಇರುವುದು ಆಬ್ಜೆಕ್ಟ್ ಅಲ್ಲ, ಅದರ ರೆಫರೆನ್ಸ್. ಕತ್ತರಿಸಿ ಹೋಗಲು ಏನೂ ಇಲ್ಲ. ಸಿ ಪ್ಲಸ್ ಪ್ಲಸ್ ಬೇರೆ ದಾರಿ ಹಿಡಿದದ್ದಕ್ಕೆ ಹಿನ್ನೆಲೆ ಇದೆ. ಕ್ಲಾಸ್, ಇನ್‌ಹೆರಿಟನ್ಸ್, ವರ್ಚುವಲ್ ಎಂಬ ಕಲ್ಪನೆಗಳು ಬಂದದ್ದು ನಾರ್ವೆಯ ಓಸ್ಲೋದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ರೂಪಿಸಿದ ಸಿಮ್ಯುಲಾ 67 ಭಾಷೆಯಿಂದ. ಸಿಮ್ಯುಲಾದಲ್ಲೂ ಆಬ್ಜೆಕ್ಟ್‌ಗಳನ್ನು ರೆಫರೆನ್ಸ್ ಮೂಲಕವೇ ಮುಟ್ಟಬೇಕಿತ್ತು. ಡೆನ್ಮಾರ್ಕಿನ ಬ್ಯಾರ್ನ ಸ್ಟ್ರಾಸ್ಟ್ರಪ್ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿಗೆ ದುಡಿಯುತ್ತಿದ್ದಾಗ ಸಿಮ್ಯುಲಾದಲ್ಲೇ ಒಂದು ಸಿಮ್ಯುಲೇಟರ್ ಬರೆದರು. ಭಾಷೆ ಮನಸ್ಸಿಗೆ ಹಿಡಿಸಿತು, ವೇಗ ಸಾಲಲಿಲ್ಲ. ಕೊನೆಗೆ ಅದನ್ನೇ ಬಿಸಿಪಿಎಲ್ ಎಂಬ ಕೆಳಮಟ್ಟದ ಭಾಷೆಯಲ್ಲಿ ಮತ್ತೆ ಬರೆಯಬೇಕಾಯಿತು. 1979ರಲ್ಲಿ ಬೆಲ್ ಲ್ಯಾಬ್ಸ್ ಸೇರಿ ಅವರು ಆರಂಭಿಸಿದ ‘ಸಿ ವಿತ್ ಕ್ಲಾಸಸ್’ ಎಂಬ ಕೆಲಸ 1983ರಲ್ಲಿ ಸಿ ಪ್ಲಸ್ ಪ್ಲಸ್ ಆಯಿತು. ಸಿ ಭಾಷೆಯ ಸ್ಟ್ರಕ್ಟ್‌ನಂತೆ ಆಬ್ಜೆಕ್ಟ್ ಅನ್ನು ಸ್ಟ್ಯಾಕ್‌ನಲ್ಲಿ, ಅರೇಯಲ್ಲಿ, ಇನ್ನೊಂದು ಆಬ್ಜೆಕ್ಟ್‌ನ ಒಳಗೆ ನೇರವಾಗಿ ಇಡಲು ಅಲ್ಲಿ ಅವಕಾಶ ಸಿಕ್ಕಿತು. ವೇಗ ಬಂದದ್ದು ಅದರಿಂದ, ಸ್ಲೈಸಿಂಗ್ ಬಂದದ್ದೂ ಅದರಿಂದಲೇ.

ಆಬ್ಜೆಕ್ಟ್ ಬಿಟ್ಟು ವಿಳಾಸ ಇಡುವುದು

ಪರಿಹಾರ ಎಲ್ಲರಿಗೂ ತಿಳಿದದ್ದೇ. ವೆಕ್ಟರ್‌ನಲ್ಲಿ ಬಸ್ಸನ್ನು ಇಡಬೇಡಿ, ಬಸ್ಸಿನ ಪಾಯಿಂಟರ್ ಇಡಿ: ವೆಕ್ಟರ್<ಬಸ್ಸು*>. ಡೀಸೆಲ್ ಬಸ್ಸಿನ ವಿಳಾಸವೂ 8 ಬೈಟ್, ವಿದ್ಯುತ್ ಬಸ್ಸಿನ ವಿಳಾಸವೂ 8 ಬೈಟ್. ಅಳತೆಯ ಜಗಳ ಮುಗಿಯಿತು. ಡಿರೈವ್ಡ್ ಪಾಯಿಂಟರ್ ಬೇಸ್ ಪಾಯಿಂಟರ್ ಆಗಿ ತಾನಾಗಿ ಬದಲಾಗುತ್ತದೆ. ಪಾಯಿಂಟರ್ ಮೂಲಕ ‘ಖರ್ಚು’ ಕರೆದಾಗ ಮೊದಲು ಆಬ್ಜೆಕ್ಟ್‌ನ ಗುಪ್ತ ಪಾಯಿಂಟರ್ ಓದಲಾಗುತ್ತದೆ. ಅದು ಆ ಕ್ಲಾಸ್‌ನ ಫಂಕ್ಷನ್ ವಿಳಾಸಗಳ ಪಟ್ಟಿಗೆ ಕರೆದೊಯ್ಯುತ್ತದೆ. ಪಟ್ಟಿಯಲ್ಲಿ ‘ಖರ್ಚು’ ಇರುವ ಮನೆಯಿಂದ ಸರಿಯಾದ ಫಂಕ್ಷನ್ ಸಿಗುತ್ತದೆ. ಪಟ್ಟಿ ಕ್ಲಾಸ್‌ಗೆ ಒಂದು, ಗುಪ್ತ ಪಾಯಿಂಟರ್ ಆಬ್ಜೆಕ್ಟ್‌ಗೆ ಒಂದು. ಬಹುತೇಕ ಎಲ್ಲ ಕಂಪೈಲರ್‌ಗಳೂ ಇದನ್ನು ಹೀಗೆಯೇ ಮಾಡುತ್ತವೆ.

ರೆಫರೆನ್ಸ್‌ಗಳ ವೆಕ್ಟರ್ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ರೆಫರೆನ್ಸ್‌ಗೆ ಹೊಸ ಗುರಿ ಕೊಡಲು ಬಾರದು, ವೆಕ್ಟರ್‌ಗೆ ಅದು ಬೇಕೇ ಬೇಕು.

ಇಲ್ಲಿ ಪದೇ ಪದೇ ಎಡವುವ ಎರಡು ಜಾಗಗಳನ್ನು ಹೇಳಿಬಿಡುತ್ತೇನೆ. ಒಂದು, ಇನ್‌ಹೆರಿಟ್ ಮಾಡುವಾಗ ಪಬ್ಲಿಕ್ ಎಂಬ ಪದ ಬಿಡುವುದು. ಕ್ಲಾಸ್ ಎಂದು ಬರೆದು ಪಬ್ಲಿಕ್ ಬಿಟ್ಟರೆ ಇನ್‌ಹೆರಿಟನ್ಸ್ ಪ್ರೈವೇಟ್ ಆಗುತ್ತದೆ. ಹೊರಗಿನವರ ಕಣ್ಣಿಗೆ ವಿದ್ಯುತ್ ಬಸ್ಸು ಒಂದು ಬಸ್ಸೇ ಅಲ್ಲ, ಪಾಯಿಂಟರ್ ಬದಲಾಗುವುದಿಲ್ಲ, ದೋಷ ಬರುತ್ತದೆ. ಇನ್ನೊಂದು, ಡಿರೈವ್ಡ್ ಕ್ಲಾಸ್‌ನಲ್ಲಿ ಫಂಕ್ಷನ್‌ನ ಸಹಿ ಚೂರು ತಪ್ಪುವುದು. ಬೇಸ್‌ನಲ್ಲಿ ಕೊನೆಗೆ ಕಾನ್ಸ್ಟ್ ಇದ್ದು ಡಿರೈವ್ಡ್‌ನಲ್ಲಿ ಅದನ್ನು ಮರೆತರೆ ಅದು ಬೇರೆಯೇ ಫಂಕ್ಷನ್. ಬೇಸ್‌ನದು ಪ್ಯೂರ್ ವರ್ಚುವಲ್ ಅಲ್ಲದಿದ್ದರೆ ಕಂಪೈಲರ್ ಸುಮ್ಮನಿರುತ್ತದೆ, ತಪ್ಪು ಫಂಕ್ಷನ್ ಓಡುತ್ತದೆ. 2011ರ ಆವೃತ್ತಿಯಲ್ಲಿ ಬಂದ ಓವರ್‌ರೈಡ್ ಎಂಬ ಪದವನ್ನು ಡಿರೈವ್ಡ್ ಫಂಕ್ಷನ್‌ಗಳಿಗೆಲ್ಲ ಹಚ್ಚಿದರೆ ಈ ತಪ್ಪು ಕಂಪೈಲ್ ಆಗುವಾಗಲೇ ಸಿಕ್ಕಿಬೀಳುತ್ತದೆ. ಕಾಸಿಲ್ಲದೆ ಸಿಗುವ ಕಾವಲು; ಬಿಡಬೇಡಿ.

ಅಳಿಸುವವರು ಯಾರು?

ಪಾಯಿಂಟರ್ ಇಟ್ಟದ್ದಾಯಿತು. ಅದು ತೋರಿಸುವ ಬಸ್ಸು ಎಲ್ಲಿದೆ? ಲ್ಯಾಬ್ ಪ್ರೋಗ್ರಾಂಗಳಲ್ಲಿ ಇದಕ್ಕೆ ಎರಡು ಉತ್ತರ ಕಾಣುತ್ತವೆ, ಎರಡರಲ್ಲೂ ಗುಂಡಿ ಇದೆ.

ಮೊದಲ ಉತ್ತರ: ಮೇನ್ ಫಂಕ್ಷನ್‌ನಲ್ಲೇ ಬಸ್ಸುಗಳನ್ನು ಸ್ಥಳೀಯ ವೇರಿಯಬಲ್‌ಗಳಾಗಿ ಸೃಷ್ಟಿಸಿ ಅವುಗಳ ವಿಳಾಸವನ್ನು ವೆಕ್ಟರ್‌ಗೆ ತಳ್ಳುವುದು. ಹತ್ತು ಸಾಲಿನ ಪ್ರೋಗ್ರಾಂಗೆ ಇದು ಸಾಕು. ಅದನ್ನೇ ‘ಡಿಪೋ_ತುಂಬು’ ಎಂಬ ಪ್ರತ್ಯೇಕ ಫಂಕ್ಷನ್‌ಗೆ ಸಾಗಿಸಿದ ದಿನ ಕಥೆ ಕೆಡುತ್ತದೆ. ಆ ಫಂಕ್ಷನ್ ಮುಗಿದ ಕ್ಷಣ ಸ್ಥಳೀಯ ಬಸ್ಸುಗಳು ಅಳಿಯುತ್ತವೆ, ವೆಕ್ಟರ್‌ನಲ್ಲಿ ಸತ್ತ ವಿಳಾಸಗಳು ಉಳಿಯುತ್ತವೆ. ಕೆಲವೊಮ್ಮೆ ಸರಿ ಉತ್ತರವೇ ಬರುತ್ತದೆ, ಕೆಲವೊಮ್ಮೆ ಕಸ, ಕೆಲವೊಮ್ಮೆ ಪ್ರೋಗ್ರಾಂ ಕುಸಿಯುತ್ತದೆ. ಇದರ ಇನ್ನೊಂದು ರೂಪ ಇನ್ನೂ ಮೋಸದ್ದು: ವಿದ್ಯುತ್ ಬಸ್ಸುಗಳಿಗೆ ಒಂದು ವೆಕ್ಟರ್, ಡೀಸೆಲ್‌ಗೆ ಒಂದು ವೆಕ್ಟರ್ ಮಾಡಿ, ಅವುಗಳ ಅಂಶಗಳ ವಿಳಾಸವನ್ನು ಮೂರನೆಯ ವೆಕ್ಟರ್‌ನಲ್ಲಿ ಇಡುವುದು. ಮೊದಲಿನ ವೆಕ್ಟರ್‌ಗೆ ಇನ್ನೊಂದು ಬಸ್ಸು ಸೇರಿ ಅದು ಹೊಸ ಜಾಗಕ್ಕೆ ಬದಲಾಯಿತೋ, ಹಳೆಯ ವಿಳಾಸಗಳೆಲ್ಲ ಸುಳ್ಳು.

ಎರಡನೆಯ ಉತ್ತರ: ನ್ಯೂ ಬಳಸಿ ಹೀಪ್‌ನಲ್ಲಿ ಸೃಷ್ಟಿಸುವುದು. ಇಲ್ಲಿ ವಿಳಾಸ ಸ್ಥಿರ, ಆದರೆ ಅಳಿಸುವ ಹೊಣೆ ನಿಮ್ಮ ತಲೆಗೆ. ವೆಕ್ಟರ್ ನಾಶವಾದಾಗ ಅದು ಪಾಯಿಂಟರ್‌ಗಳನ್ನು ಎಸೆಯುತ್ತದೆ, ಪಾಯಿಂಟರ್ ತೋರಿಸುವ ಬಸ್ಸನ್ನು ಮುಟ್ಟುವುದಿಲ್ಲ. ಕ್ಲಿಯರ್ ಮಾಡಿದರೂ ಅಷ್ಟೇ, ಎರೇಸ್ ಮಾಡಿದರೂ ಅಷ್ಟೇ. ಕೊನೆಯಲ್ಲಿ ಒಂದು ಲೂಪ್ ಹಾಕಿ ಡಿಲೀಟ್ ಮಾಡಿದರಾಯಿತು ಎನ್ನುತ್ತಾರೆ. ನಡುವೆ ಎಕ್ಸೆಪ್ಶನ್ ಎದ್ದರೆ? ಯಾರೋ ಮೊದಲೇ ರಿಟರ್ನ್ ಮಾಡಿದರೆ? ವೆಕ್ಟರ್‌ನ ನಕಲು ತೆಗೆದು ಎರಡನ್ನೂ ಅಳಿಸಲು ಹೋದರೆ? ಒಂದೇ ಬಸ್ಸನ್ನು ಎರಡು ಸಲ ಡಿಲೀಟ್ ಮಾಡಿದಂತಾಗುತ್ತದೆ. ಮುಂದೆ ಏನಾಗುತ್ತದೆ ಎಂದು ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಡಿಲೀಟ್ ಲೂಪ್ ಸರಿಯಾಗಿ ಬರೆದವರಿಗೂ ಇನ್ನೊಂದು ಬಲೆ ಕಾದಿದೆ. ಬೇಸ್ ಪಾಯಿಂಟರ್ ಮೂಲಕ ಡಿಲೀಟ್ ಮಾಡುವಾಗ ಬೇಸ್ ಕ್ಲಾಸ್‌ನ ಡಿಸ್ಟ್ರಕ್ಟರ್ ವರ್ಚುವಲ್ ಆಗಿರಲೇಬೇಕು. ಇಲ್ಲದಿದ್ದರೆ ಅದು ಅನ್‌ಡಿಫೈನ್ಡ್ ಬಿಹೇವಿಯರ್, ಅಂದರೆ ಏನು ಬೇಕಾದರೂ ಆಗಬಹುದು. ವಾಸ್ತವದಲ್ಲಿ ಹೆಚ್ಚಾಗಿ ಆಗುವುದು ಬೇಸ್‌ನ ಡಿಸ್ಟ್ರಕ್ಟರ್ ಮಾತ್ರ ಓಡುವುದು. ನಮ್ಮ ವಿದ್ಯುತ್ ಬಸ್ಸಿನ ಚಾರ್ಜಿಂಗ್ ದಾಖಲೆಯ ವೆಕ್ಟರ್ ಹಿಡಿದಿದ್ದ ಮೆಮೊರಿ ಹಾಗೆಯೇ ಸೋರಿಹೋಗುತ್ತದೆ. ಡೀಸೆಲ್ ಬಸ್ಸಿನಲ್ಲಿ ಬರೀ ಎರಡು ಡಬಲ್ ಇರುವುದರಿಂದ ಅಲ್ಲಿ ಏನೂ ಕಾಣುವುದಿಲ್ಲ. ಹೀಗಾಗಿ ಪರೀಕ್ಷೆಯಲ್ಲಿ ಪಾಸಾದ ಪ್ರೋಗ್ರಾಂ ತಿಂಗಳುಗಟ್ಟಲೆ ನಿಲ್ಲದೆ ಓಡಬೇಕಾದ ಸರ್ವರ್‌ನಲ್ಲಿ ಮೆಮೊರಿ ತಿನ್ನುತ್ತಾ ಹೋಗುತ್ತದೆ. ಪರಿಹಾರ ಒಂದೇ ಸಾಲು: ಬೇಸ್ ಕ್ಲಾಸ್‌ನಲ್ಲಿ ವರ್ಚುವಲ್ ಡಿಸ್ಟ್ರಕ್ಟರ್ ಘೋಷಿಸಿ ‘ಸಮ ಡೀಫಾಲ್ಟ್’ ಎಂದು ಬರೆಯುವುದು. ಡಿರೈವ್ಡ್ ಕ್ಲಾಸ್‌ಗಳ ಡಿಸ್ಟ್ರಕ್ಟರ್ ತಾನಾಗಿಯೇ ವರ್ಚುವಲ್ ಆಗುತ್ತದೆ.

ಸ್ಟ್ರಾಸ್ಟ್ರಪ್ ಮತ್ತು ಹರ್ಬ್ ಸಟರ್ ಸಂಪಾದಿಸುವ ಸಿ ಪ್ಲಸ್ ಪ್ಲಸ್ ಕೋರ್ ಗೈಡ್‌ಲೈನ್ಸ್‌ನಲ್ಲಿ ಈ ನಿಯಮ ಇನ್ನಷ್ಟು ಬಿಗಿಯಾಗಿದೆ. ಬೇಸ್ ಕ್ಲಾಸ್‌ನ ಡಿಸ್ಟ್ರಕ್ಟರ್ ಒಂದೋ ಪಬ್ಲಿಕ್ ಮತ್ತು ವರ್ಚುವಲ್ ಆಗಿರಬೇಕು, ಇಲ್ಲವೇ ಪ್ರೊಟೆಕ್ಟೆಡ್ ಆಗಿದ್ದು ವರ್ಚುವಲ್ ಅಲ್ಲದಿರಬೇಕು. ಎರಡನೆಯದರಲ್ಲಿ ಬೇಸ್ ಪಾಯಿಂಟರ್ ಮೂಲಕ ಅಳಿಸಲು ಹೊರಗಿನವರಿಗೆ ದಾರಿಯೇ ಇರುವುದಿಲ್ಲ, ಹಾಗಾಗಿ ತಪ್ಪೂ ಆಗುವುದಿಲ್ಲ.

ಬರೀ ಪಾಯಿಂಟರ್ ಯಾವಾಗಲೂ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ನಾರ್ವೆಯಲ್ಲೇ ಹುಟ್ಟಿದ ಕ್ಯೂಟಿ ಲೈಬ್ರರಿಯನ್ನು ನೋಡಿ. ಅಲ್ಲಿ ಪ್ರತಿ ಕ್ಯೂಆಬ್ಜೆಕ್ಟ್ ತನ್ನ ಮಕ್ಕಳ ಪಟ್ಟಿಯನ್ನು ಬೇಸ್ ಪಾಯಿಂಟರ್‌ಗಳ ಪಟ್ಟಿಯಾಗಿಯೇ ಇಟ್ಟುಕೊಂಡಿರುತ್ತದೆ. ಕಿಟಕಿಯೊಳಗೆ ಬಟನ್, ಲೇಬಲ್, ಟೈಮರ್ ಎಲ್ಲವೂ ಅದೇ ಪಟ್ಟಿಯಲ್ಲಿ. ಅಳಿಸುವವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಸ್ಪಷ್ಟ ಉತ್ತರವಿದೆ: ತಾಯಿ ಆಬ್ಜೆಕ್ಟ್ ಅಳಿಯುವಾಗ ಮಕ್ಕಳನ್ನೂ ಅಳಿಸುತ್ತದೆ. ಕ್ಯೂಆಬ್ಜೆಕ್ಟ್‌ನ ಡಿಸ್ಟ್ರಕ್ಟರ್ ವರ್ಚುವಲ್. ಅದನ್ನು ನಕಲು ಮಾಡಲು ಬಿಡುವುದಿಲ್ಲ, ಆದ್ದರಿಂದ ಸ್ಲೈಸಿಂಗ್ ಕೂಡ ಇಲ್ಲ. ಹೊಣೆ ಖಚಿತವಾಗಿದ್ದರೆ ಬರೀ ಪಾಯಿಂಟರ್ ಇಟ್ಟೂ ದೊಡ್ಡ ತಂತ್ರಾಂಶ ಕಟ್ಟಬಹುದು. ಆ ಖಚಿತತೆ ನಿಮ್ಮ ತಂಡದ ಎಲ್ಲರ ನೆನಪಿನಲ್ಲಿ ಇರಬೇಕು, ತೊಡಕಿರುವುದು ಅಲ್ಲಿ.

ನೆನಪನ್ನು ಟೈಪ್‌ಗೆ ಒಪ್ಪಿಸುವುದು

ನೆನಪಿನ ಮೇಲೆ ಭಾರ ಹಾಕುವ ಬದಲು ಹೊಣೆಯನ್ನು ಟೈಪ್‌ನಲ್ಲೇ ಬರೆದಿಡುವ ಮೊದಲ ಪ್ರಯತ್ನ 1998ರ ಮೊದಲ ಸ್ಟ್ಯಾಂಡರ್ಡ್‌ನಲ್ಲೇ ಇತ್ತು, ಆಟೋ ಪಿಟಿಆರ್ ಎಂಬ ಹೆಸರಿನಲ್ಲಿ. ಅದರ ನಡತೆ ವಿಚಿತ್ರ. ನಕಲು ಮಾಡಿದರೆ ಮೂಲ ಖಾಲಿಯಾಗುತ್ತಿತ್ತು. ವೆಕ್ಟರ್‌ನಲ್ಲಿಟ್ಟು ಸಾರ್ಟ್ ಮಾಡಲು ಹೋದರೆ ಹೋಲಿಕೆಗೆಂದು ತೆಗೆದ ನಕಲೇ ಆಬ್ಜೆಕ್ಟ್ ಅನ್ನು ಕಬಳಿಸಿಬಿಡುವ ಅಪಾಯ. ಅದನ್ನು ಕಂಟೇನರ್‌ನಲ್ಲಿ ಇಡಬಾರದು ಎಂದೇ ನಿಯಮವಿತ್ತು, ಅಂದರೆ ಬೇಕಾದ ಕಡೆಯೇ ಅದು ಕೆಲಸಕ್ಕೆ ಬಾರದ್ದು. 2011ರಲ್ಲಿ ಮೂವ್, ಅಂದರೆ ನಕಲು ಮಾಡದೆ ಒಡೆತನ ದಾಟಿಸುವ ಕಲ್ಪನೆ ಭಾಷೆಗೆ ಬಂದ ಮೇಲೆ ಯೂನಿಕ್ ಪಿಟಿಆರ್ ಅದರ ಜಾಗ ಹಿಡಿಯಿತು. 2017ರ ಸ್ಟ್ಯಾಂಡರ್ಡ್‌ನಲ್ಲಿ ಆಟೋ ಪಿಟಿಆರ್ ಹೆಸರನ್ನೇ ತೆಗೆದುಹಾಕಿದರು. ಹಳೆಯ ನೋಟ್ಸ್‌ನಲ್ಲಿ ಅದು ಕಂಡರೆ ನೋಟ್ಸ್ ಬದಲಿಸಿ.

ಈಗ ಡಿಪೋ ಹೀಗಾಗುತ್ತದೆ: ವೆಕ್ಟರ್<ಯೂನಿಕ್_ಪಿಟಿಆರ್<ಬಸ್ಸು>>. ಬಸ್ಸಿಗೆ ಒಡೆಯ ಒಬ್ಬನೇ, ಆ ಒಡೆಯ ಈ ವೆಕ್ಟರ್. ವೆಕ್ಟರ್ ಅಳಿದರೆ ಬಸ್ಸುಗಳೂ ಅಳಿಯುತ್ತವೆ, ಎರೇಸ್ ಮಾಡಿದರೆ ಆ ಒಂದು ಬಸ್ಸು ಅಳಿಯುತ್ತದೆ, ಎಕ್ಸೆಪ್ಶನ್ ಎದ್ದರೂ ಸೋರಿಕೆ ಇಲ್ಲ. ಡಿಲೀಟ್ ಎಂಬ ಪದ ನಿಮ್ಮ ಕೋಡ್‌ನಲ್ಲಿ ಎಲ್ಲೂ ಬರುವುದಿಲ್ಲ. ಇಷ್ಟಕ್ಕೂ ಅದರ ಗಾತ್ರ ಬರೀ ಪಾಯಿಂಟರ್‌ನಷ್ಟೇ, 8 ಬೈಟ್. ವರ್ಚುವಲ್ ಡಿಸ್ಟ್ರಕ್ಟರ್ ಮಾತ್ರ ಇಲ್ಲೂ ಬೇಕೇ ಬೇಕು. ಯೂನಿಕ್ ಪಿಟಿಆರ್ ಒಳಗೊಳಗೆ ಮಾಡುವುದು ಅದೇ ಡಿಲೀಟ್.

ಕೈಹಾಕಿದಾಗ ಎದುರಾಗುವ ಸಂಗತಿಗಳು ಕೆಲವಿವೆ. ಸೇರಿಸುವಾಗ 2014ರಲ್ಲಿ ಬಂದ ಮೇಕ್ ಯೂನಿಕ್ ಬಳಸಿ, ಅದರ ಫಲಿತಾಂಶವನ್ನು ಪುಷ್ ಬ್ಯಾಕ್‌ಗೆ ಕೊಡಿ. ವಿದ್ಯುತ್ ಬಸ್ಸಿನ ಯೂನಿಕ್ ಪಿಟಿಆರ್ ತಾನಾಗಿಯೇ ಬಸ್ಸಿನ ಯೂನಿಕ್ ಪಿಟಿಆರ್ ಆಗುತ್ತದೆ. ಎಂಪ್ಲೇಸ್ ಬ್ಯಾಕ್ ಒಳಗೆ ನೇರ ನ್ಯೂ ಬರೆಯುವ ಅಭ್ಯಾಸ ಕೆಲವರಿಗಿದೆ, ಬೇಡ: ವೆಕ್ಟರ್ ಬೆಳೆಯಲು ಜಾಗ ಸಿಗದೆ ಎಕ್ಸೆಪ್ಶನ್ ಎದ್ದರೆ ಆ ಬಸ್ಸಿಗೆ ಒಡೆಯನೇ ಇರುವುದಿಲ್ಲ. ಸುರುಳಿ ಆವರಣದೊಳಗೆ ಎಲ್ಲ ಬಸ್ಸುಗಳನ್ನೂ ಬರೆದು ಒಂದೇ ಏಟಿಗೆ ವೆಕ್ಟರ್ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಅದು ಕಂಪೈಲ್ ಆಗುವುದಿಲ್ಲ. ಆ ಪಟ್ಟಿಯಿಂದ ವೆಕ್ಟರ್‌ಗೆ ಹೋಗುವುದು ನಕಲಿನ ಮೂಲಕ, ಯೂನಿಕ್ ಪಿಟಿಆರ್ ನಕಲಾಗುವುದಿಲ್ಲ. ಬರುವ ದೋಷ ಸಂದೇಶ ಮಾರುದ್ದ ಇರುತ್ತದೆ. ಅದರಲ್ಲಿ ‘ಡಿಲೀಟೆಡ್ ಫಂಕ್ಷನ್’ ಎಂಬ ಮಾತು ಕಂಡರೆ ಎಲ್ಲೋ ನಕಲಿಗೆ ಕೈಹಾಕಿದ್ದೀರಿ ಎಂದು ತಿಳಿಯಿರಿ. ಲೂಪ್ ಬರೆಯುವಾಗಲೂ ಅದೇ: ‘ಆಟೋ’ ಎಂದು ಬರೆದರೆ ನಕಲು, ‘ಕಾನ್ಸ್ಟ್ ಆಟೋ’ ಮುಂದೆ ಆಂಪರ್‌ಸ್ಯಾಂಡ್ ಹಾಕಿದರೆ ನಕಲಿಲ್ಲ. ಖರ್ಚಿನ ಪ್ರಕಾರ ಸಾರ್ಟ್ ಮಾಡಲು ಅಡ್ಡಿ ಇಲ್ಲ, ಸಾರ್ಟ್‌ಗೆ ಮೂವ್ ಸಾಕು. ಹೋಲಿಕೆಯ ಫಂಕ್ಷನ್ ನೀವೇ ಕೊಡಿ, ಇಲ್ಲದಿದ್ದರೆ ಅದು ವಿಳಾಸಗಳನ್ನು ಹೋಲಿಸಿ ಅರ್ಥವಿಲ್ಲದ ಕ್ರಮದಲ್ಲಿ ಜೋಡಿಸುತ್ತದೆ.

ಇನ್ನೊಂದು ಅನುಕೂಲ ಹೆಚ್ಚು ಜನ ಗಮನಿಸುವುದಿಲ್ಲ. ವೆಕ್ಟರ್ ಬೆಳೆದು ಹೊಸ ಜಾಗಕ್ಕೆ ಹೋದಾಗ ಸರಿಯುವುದು ಪಾಯಿಂಟರ್‌ಗಳು ಮಾತ್ರ. ಬಸ್ಸುಗಳು ಹೀಪ್‌ನಲ್ಲಿ ಇದ್ದಲ್ಲೇ ಇರುತ್ತವೆ. ಹಾಗಾಗಿ ಇಂದಿನ ರೂಟ್ ಪಟ್ಟಿ, ರಿಪೇರಿ ಪಟ್ಟಿ ಮುಂತಾದವು ಯೂನಿಕ್ ಪಿಟಿಆರ್‌ನ ಗೆಟ್ ಮೂಲಕ ಪಡೆದ ಬರೀ ಪಾಯಿಂಟರ್ ಇಟ್ಟುಕೊಂಡರೆ ಸಾಕು. ಅವು ನೋಡುತ್ತವೆ, ಒಡೆತನ ಕೇಳುವುದಿಲ್ಲ. ಡಿಪೋದಿಂದ ಬಸ್ಸನ್ನು ತೆಗೆಯುವ ಮೊದಲು ಈ ಪಟ್ಟಿಗಳಿಂದ ತೆಗೆಯಬೇಕು ಎಂಬುದೊಂದೇ ಕರಾರು.

ಒಂದೇ ಆಬ್ಜೆಕ್ಟ್‌ಗೆ ಹಲವು ಒಡೆಯರಿರಲು ಬಿಡುವ ಶೇರ್ಡ್ ಪಿಟಿಆರ್ ಏಕೆ ಬೇಡ ಎಂದು ಕೇಳಬಹುದು. ಎಲ್ಲಿ ನೋಡಿದರೂ ಶೇರ್ಡ್ ಪಿಟಿಆರ್ ಬಳಸುವುದು ಯೋಚಿಸುವ ಕೆಲಸವನ್ನು ಮುಂದೂಡುವ ರೀತಿ ಎಂಬುದು ನನ್ನ ಅಭಿಪ್ರಾಯ. ಗಾತ್ರ ಇಮ್ಮಡಿ, ಪ್ರತಿ ನಕಲಿಗೂ ಒಡೆಯರ ಎಣಿಕೆ ಏರಿಳಿಯಬೇಕು, ಒಂದನ್ನೊಂದು ಹಿಡಿದುಕೊಂಡ ಎರಡು ಆಬ್ಜೆಕ್ಟ್‌ಗಳು ಎಂದಿಗೂ ಅಳಿಯುವುದಿಲ್ಲ. ನಿಜಕ್ಕೂ ಇಬ್ಬರು ಒಡೆಯರಿದ್ದು ಯಾರು ಮೊದಲು ಹೋಗುತ್ತಾರೆ ಎಂದು ಹೇಳಲಾಗದಿದ್ದಾಗ, ಉದಾಹರಣೆಗೆ ಬೇರೆ ಬೇರೆ ಥ್ರೆಡ್‌ಗಳು ಒಂದೇ ಬಸ್ಸಿನ ಮೇಲೆ ಕೆಲಸ ಮಾಡುವಾಗ, ಅದಕ್ಕೆ ಜಾಗವಿದೆ. ಅದರ ಒಂದು ಗುಣ ಹೊಸಬರನ್ನು ದಾರಿ ತಪ್ಪಿಸುತ್ತದೆ: ಮೇಕ್ ಶೇರ್ಡ್‌ನಿಂದ ಡಿರೈವ್ಡ್ ಆಬ್ಜೆಕ್ಟ್ ಸೃಷ್ಟಿಸಿದರೆ ಹೇಗೆ ಅಳಿಸಬೇಕೆಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ, ವರ್ಚುವಲ್ ಡಿಸ್ಟ್ರಕ್ಟರ್ ಇಲ್ಲದಿದ್ದರೂ ಸರಿಯಾಗಿ ಅಳಿಸುತ್ತದೆ. ಅದನ್ನು ನೆಚ್ಚಿ ವರ್ಚುವಲ್ ಬಿಟ್ಟವರು ಮುಂದೆ ಯೂನಿಕ್ ಪಿಟಿಆರ್‌ಗೆ ಬದಲಾದ ದಿನ ಸಿಕ್ಕಿಬೀಳುತ್ತಾರೆ.

ಪಟ್ಟಿಯ ನಕಲು, ಪಟ್ಟಿಯೊಳಗಿನ ವಿಶೇಷ

ಇಡೀ ಡಿಪೋದ ನಕಲು ಬೇಕೆಂದರೆ? ಬೇಸ್ ಪಾಯಿಂಟರ್ ಇಟ್ಟುಕೊಂಡವರಿಗೆ ಒಳಗೆ ಯಾವ ಬಗೆಯ ಬಸ್ಸಿದೆ ಎಂದು ತಿಳಿಯದು, ಬಸ್ಸಿಗೆ ತಿಳಿದಿದೆ. ಆದ್ದರಿಂದ ‘ನಕಲು’ ಎಂಬ ವರ್ಚುವಲ್ ಫಂಕ್ಷನ್ ಇಟ್ಟು, ಪ್ರತಿ ಡಿರೈವ್ಡ್ ಕ್ಲಾಸ್ ತನ್ನದೇ ಪ್ರತಿಯನ್ನು ಮೇಕ್ ಯೂನಿಕ್ ಮಾಡಿ ಕೊಡುವಂತೆ ಬರೆಯಬೇಕು. ಬೇಸ್‌ನ ಕಾಪಿ ಕನ್‌ಸ್ಟ್ರಕ್ಟರನ್ನು ಪ್ರೊಟೆಕ್ಟೆಡ್ ಮಾಡಿದರೆ ಈ ದಾರಿ ತೆರೆದಿರುತ್ತದೆ, ಸ್ಲೈಸಿಂಗ್ ದಾರಿ ಮುಚ್ಚಿರುತ್ತದೆ.

ವಿದ್ಯುತ್ ಬಸ್ಸಿಗೆ ಮಾತ್ರ ಇರುವ ಕೆಲಸವೊಂದನ್ನು, ಚಾರ್ಜಿಂಗ್ ದಾಖಲೆ ಮುದ್ರಿಸುವುದು ಎನ್ನಿ, ಬೇಸ್ ಪಾಯಿಂಟರ್‌ನಿಂದ ಮಾಡಿಸಲು ಡೈನಾಮಿಕ್ ಕಾಸ್ಟ್ ಇದೆ. ಸರಿಯಾದ ಬಗೆಯಾದರೆ ಪಾಯಿಂಟರ್ ಸಿಗುತ್ತದೆ, ಇಲ್ಲದಿದ್ದರೆ ನಲ್. ಒಂದೆರಡು ಕಡೆ ಇದ್ದರೆ ತಪ್ಪೇನಿಲ್ಲ. ಡೀಸೆಲ್ಲಾ, ಅಲ್ಲವಾದರೆ ವಿದ್ಯುತ್ತಾ, ಅಲ್ಲವಾದರೆ ಸಿಎನ್‌ಜಿಯಾ ಎಂದು ಸಾಲು ಸಾಲಾಗಿ ಕೇಳುತ್ತಿದ್ದರೆ ಒಂದು ವರ್ಚುವಲ್ ಫಂಕ್ಷನ್ ಕಡಿಮೆಯಾಗಿದೆ ಎಂದೇ ಅರ್ಥ.

ವೆಕ್ಟರ್ ಬಿಟ್ಟು ಹಳೆಯ ಅರೇ ಬಳಸುವವರಿಗೆ ಒಂದು ಎಚ್ಚರಿಕೆ. ಡೀಸೆಲ್ ಬಸ್ಸುಗಳ ಅರೇಯನ್ನು ‘ಬಸ್ಸು*’ ಬಯಸುವ ಫಂಕ್ಷನ್‌ಗೆ ಕಳಿಸಿದರೆ ಕಂಪೈಲರ್ ಒಪ್ಪುತ್ತದೆ. ಫಂಕ್ಷನ್ ಒಳಗೆ ಮುಂದಿನ ಬಸ್ಸಿಗೆ 48 ಬೈಟ್ ಹೆಜ್ಜೆ ಹಾಕುತ್ತದೆ, ಇರುವುದು 64 ಬೈಟ್ ದೂರದಲ್ಲಿ. ಎರಡನೆಯ ಬಸ್ಸಿಗೇ ಎಲ್ಲ ತಲೆಕೆಳಗು. ಸ್ಕಾಟ್ ಮೇಯರ್ಸ್ ತಮ್ಮ ‘ಮೋರ್ ಎಫೆಕ್ಟಿವ್ ಸಿ ಪ್ಲಸ್ ಪ್ಲಸ್’ ಪುಸ್ತಕದ ಆರಂಭದಲ್ಲೇ ಇದನ್ನು ಎಂದಿಗೂ ಮಾಡಬಾರದ ಕೆಲಸವೆಂದು ಹೇಳಿದ್ದಾರೆ.

ಬಗೆಗಳು ಮೂರೇ ಇದ್ದರೆ

ಬೇಸ್ ಪಾಯಿಂಟರ್ ದಾರಿಗೂ ಬೆಲೆ ಇದೆ. ಪ್ರತಿ ಬಸ್ಸೂ ಹೀಪ್‌ನಲ್ಲಿ ಬೇರೆ ಬೇರೆ ಕಡೆ ಕೂತಿರುತ್ತದೆ, ಲೂಪ್ ಓಡುವಾಗ ಪ್ರೊಸೆಸರ್ ಅಲ್ಲಿಂದಿಲ್ಲಿಗೆ ಹಾರಬೇಕು. ನೂರು ಬಸ್ಸಿನ ಡಿಪೋಗೆ ಇದು ಲೆಕ್ಕಕ್ಕೇ ಬಾರದು. ಆಟಗಳಲ್ಲಿ, ಸಿಮ್ಯುಲೇಶನ್‌ಗಳಲ್ಲಿ ಲಕ್ಷಾಂತರ ಆಬ್ಜೆಕ್ಟ್‌ಗಳನ್ನು ಸೆಕೆಂಡಿಗೆ ಹತ್ತಾರು ಸಲ ಸುತ್ತಬೇಕಾದಾಗ ಬರುತ್ತದೆ.

2017ರಲ್ಲಿ ಬಂದ ವೇರಿಯಂಟ್ ಇದಕ್ಕೆ ಪರ್ಯಾಯ. ‘ಇದು ಡೀಸೆಲ್ ಬಸ್ಸು, ಇಲ್ಲವೇ ವಿದ್ಯುತ್ ಬಸ್ಸು, ಇಲ್ಲವೇ ಸಿಎನ್‌ಜಿ ಬಸ್ಸು’ ಎಂದು ಟೈಪ್‌ನಲ್ಲೇ ಘೋಷಿಸಿ, ಅವುಗಳ ವೆಕ್ಟರ್ ಮಾಡಬಹುದು. ಬೇಸ್ ಕ್ಲಾಸ್ ಬೇಕಿಲ್ಲ, ಹೀಪ್ ಬೇಕಿಲ್ಲ, ವರ್ಚುವಲ್ ಬೇಕಿಲ್ಲ, ಸ್ಲೈಸಿಂಗ್ ಇಲ್ಲ, ನಕಲೂ ಸಲೀಸು. ಪ್ರತಿ ಅಂಶದ ಗಾತ್ರ ಎಲ್ಲಕ್ಕಿಂತ ದೊಡ್ಡ ಬಗೆಯದು ಮತ್ತು ಒಂದು ಗುರುತಿನಷ್ಟು. 88 ಬೈಟಿನ ಬಸ್ಸು ಅದರಲ್ಲಿದ್ದರೆ 96 ಬೈಟ್. ವಿಸಿಟ್ ಎಂಬ ಫಂಕ್ಷನ್‌ಗೆ ಪ್ರತಿ ಬಗೆಯ ಬಸ್ಸಿಗೂ ಏನು ಮಾಡಬೇಕೆಂದು ಹೇಳಿದರೆ ಕೆಲಸ ಮುಗಿಯಿತು; ಒಂದು ಬಗೆ ಬಿಟ್ಟುಹೋದರೆ ಕಂಪೈಲರ್ ಹಿಡಿಯುತ್ತದೆ.

ಆರಿಸುವುದು ಹೇಗೆ? ಬಗೆಗಳು ನಿಮ್ಮ ಹಿಡಿತದಲ್ಲಿದ್ದು ಬದಲಾಗುವುದಿಲ್ಲವೆಂದಾದರೆ, ಅವುಗಳ ಮೇಲೆ ಮಾಡುವ ಕೆಲಸಗಳು ಬೆಳೆಯುತ್ತಾ ಹೋಗುವುದಾದರೆ, ವೇರಿಯಂಟ್. ಕೆಲಸಗಳು ನಿಶ್ಚಿತವಿದ್ದು ಬಗೆಗಳು ಬೆಳೆಯುವುದಾದರೆ, ಅದರಲ್ಲೂ ಪ್ಲಗಿನ್‌ನಂತೆ ಬೇರೆಯವರು ಹೊಸ ಬಗೆ ಬರೆದು ತರುವುದಾದರೆ, ಬೇಸ್ ಪಾಯಿಂಟರ್. ನಮ್ಮ ಡಿಪೋ ಎರಡನೆಯ ಸಾಲಿನದು ಎಂದು ನನ್ನ ತೀರ್ಪು. ನಾಳೆ ಹೈಡ್ರೋಜನ್ ಬಸ್ಸು ಬಂದರೆ ಹೊಸದೊಂದು ಫೈಲ್ ಸೇರಿಸಿದರೆ ಸಾಕು, ಸಂಜೆಯ ಲೆಕ್ಕ ಬರೆಯುವ ಕೋಡ್ ಮುಟ್ಟಬೇಕಿಲ್ಲ.

ಓಡಿಸುವ ಮುನ್ನ

ಕಂಪೈಲ್ ಮಾಡುವಾಗ ಡಬ್ಲ್ಯು-ಆಲ್ ಎಚ್ಚರಿಕೆಗಳನ್ನು ಯಾವಾಗಲೂ ಚಾಲೂ ಇಡಿ. ವರ್ಚುವಲ್ ಡಿಸ್ಟ್ರಕ್ಟರ್ ಇಲ್ಲದ ಬೇಸ್ ಮೂಲಕ ನೇರವಾಗಿ ಡಿಲೀಟ್ ಬರೆದರೆ ಕಂಪೈಲರ್ ಹೇಳುತ್ತದೆ. ಡಿಲೀಟ್ ಲೈಬ್ರರಿಯ ಒಳಗೆ ನಡೆಯುವಾಗ, ಅಂದರೆ ಯೂನಿಕ್ ಪಿಟಿಆರ್ ಬಳಸಿದಾಗ, ಆ ಎಚ್ಚರಿಕೆ ಕೈಕೊಡಬಹುದು. ಅದಕ್ಕಾಗಿ ನಾನ್-ವರ್ಚುವಲ್-ಡಿಟಾರ್ ಎಂಬ ಪ್ರತ್ಯೇಕ ಎಚ್ಚರಿಕೆಯನ್ನೂ ಸೇರಿಸಿ. ಜಿಸಿಸಿ, ಕ್ಲಾಂಗ್ ಎರಡರಲ್ಲೂ ಇರುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಒಮ್ಮೆ ಓಡಿಸಿದರೆ ಸತ್ತ ವಿಳಾಸ ಮುಟ್ಟಿದ್ದು, ಎರಡು ಸಲ ಅಳಿಸಿದ್ದು, ಲಿನಕ್ಸ್‌ನಲ್ಲಾದರೆ ಸೋರಿದ ಮೆಮೊರಿ ಎಲ್ಲಿ ಪಡೆದದ್ದು ಎಂಬುದೂ ಸಾಲಿನ ಸಂಖ್ಯೆಯೊಂದಿಗೆ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ.

ನಮ್ಮ ಎಂಜಿನಿಯರಿಂಗ್ ತರಗತಿಗಳಲ್ಲಿ ವರ್ಚುವಲ್ ಫಂಕ್ಷನ್ ಪಾಠ ದಶಕಗಳಿಂದ ನಡೆದಿದೆ. ಬಹಳಷ್ಟು ಕಡೆ ಅದನ್ನು ಕಲಿಸಿದ್ದು ಟರ್ಬೊ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆಯ ಮೇಲೆ. ಅದು 1998ರ ಸ್ಟ್ಯಾಂಡರ್ಡ್‌ಗಿಂತ ಹಳೆಯ ಕಂಪೈಲರ್. ಅದರಲ್ಲಿ ಸ್ಟ್ಯಾಂಡರ್ಡ್ ವೆಕ್ಟರ್ ಇಲ್ಲ, ಸ್ಮಾರ್ಟ್ ಪಾಯಿಂಟರ್ ಅಂತೂ ಇಲ್ಲವೇ ಇಲ್ಲ. ಬೋಧಕರಲ್ಲಿ ಒಂದು ಕೋರಿಕೆ. ಈ ಸಲ ಲ್ಯಾಬ್ ರೆಕಾರ್ಡ್‌ನ ಆ ಒಂದು ಪ್ರೋಗ್ರಾಂ ಅನ್ನು ಉಚಿತವಾಗಿ ಸಿಗುವ ಜಿಸಿಸಿಯಲ್ಲಿ ಯೂನಿಕ್ ಪಿಟಿಆರ್ ಬಳಸಿ ಬರೆಸಿ, ಸ್ಯಾನಿಟೈಸರ್ ಹಾಕಿ ಓಡಿಸಿ. ಆಮೇಲೆ ಬೇಸ್ ಕ್ಲಾಸ್‌ನ ಡಿಸ್ಟ್ರಕ್ಟರ್‌ನಿಂದ ವರ್ಚುವಲ್ ಪದ ತೆಗೆದು ಇನ್ನೊಮ್ಮೆ ಓಡಿಸಿ ತೋರಿಸಿ.